ಗೋಗಿಯಿಂದ ಹೊರಟ ಪೆಟ್ಟಿಗೆ

ಗೋಗಿಯ ದನದ ದವಾಖಾನೆಯ ಹಿಂದಿನ ಶೆಡ್ಡಿನಲ್ಲಿ ಆ ಹೆಣ್ಣು ತೋಳ ಸತ್ತಾಗ ಬೆಳಗಿನ ಹತ್ತೂವರೆ ಆಗಿತ್ತು. ಎರಡು ದಿನದ ಹಿಂದೆ ಯಾವುದೋ ಲಾರಿ ಶಹಾಪುರದ ರಸ್ತೆಯಲ್ಲಿ ಅದರ ಸೊಂಟ ಮುರಿದು ಹೋಗಿತ್ತು. ಬೇಲಿ ಪಕ್ಕ ಬಿದ್ದಿದ್ದ ಅದನ್ನು ಮೊದಲು ಕಂಡವನು ಕುರಿ ಕಾಯುವ ಅಮರಪ್ಪ. ಅರಣ್ಯ ಇಲಾಖೆಯವರು ಬಂದು ಎತ್ತಿಕೊಂಡು ಬಂದರು, ಡಾಕ್ಟರು ಗ್ಲೂಕೋಸ್ ಹಚ್ಚಿದರು. ಮೊದಲ ದಿನವೇ ಅವರು ಮಲ್ಲೇಶ್ವರಿಗೆ ಹೇಳಿದ್ದರು, "ಇದು ಉಳಿಯಂಗಿಲ್ಲವ್ವ. ನೀ ನಿನ್ನ ತಯಾರಿ ಮಾಡ್ಕೊ."

ಮಲ್ಲೇಶ್ವರಿ ರಂಗಂಪೇಟೆಯ ಹುಡುಗಿ. ಅವಳ ತಾಯಿ ಸಾವಿತ್ರಿಬಾಯಿ ಸುರಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬುದ್ಧನ ಫೋಟೋ ಬಿಟ್ಟರೆ ಗೋಡೆಯ ಮೇಲೆ ಬೇರೆ ದೇವರಿಲ್ಲದ ಮನೆ ಅದು. ದೆವ್ವ, ಗಾಳಿ, ನೆದರು ಎಂದು ಯಾರಾದರೂ ಬಾಯಿ ತೆರೆದರೆ ಸಾವಿತ್ರಿಬಾಯಿ ನಕ್ಕು ಚಹಾಕ್ಕೆ ಇಡುತ್ತಿದ್ದರು. ಮಲ್ಲೇಶ್ವರಿ ಜೀವಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ಎರಡು ವರ್ಷದಿಂದ ಹೈದರಾಬಾದಿನ ಒಂದು ಲ್ಯಾಬಿಗಾಗಿ ಈ ಭಾಗದ ತೋಳಗಳ ಬೆನ್ನು ಬಿದ್ದಿದ್ದಳು. ನಮ್ಮ ನೆಲದ ಕಾಡುಪ್ರಾಣಿಗಳ ಜೀನೋಮ್ ಓದುವ ಕೆಲಸ ಅದು. ಪ್ರತಿ ಜೀವಿಯ ಒಂದೊಂದು ಕಣದೊಳಗೂ ಅದರ ವಂಶದ ಬರಹ ಇರುತ್ತದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿಟ್ಟರೆ, ಉಳಿದ ತೋಳಗಳಲ್ಲಿ ನಾಯಿಯ ರಕ್ತ ಎಷ್ಟು ಬೆರೆತಿದೆ, ಯಾವ ಹಿಂಡು ಯಾವ ಹಿಂಡಿಗೆ ಬಳಗ, ಎಲ್ಲಿ ಸಂಖ್ಯೆ ಕುಸಿದು ಒಳಗೊಳಗೇ ಕೂಡಿಕೆ ನಡೆದಿದೆ, ಎಲ್ಲ ತಿಳಿಯುತ್ತದೆ. ಇಷ್ಟು ದಿನ ಅವಳು ಕಳಿಸಿದ್ದು ಮಲ ಮತ್ತು ಕೂದಲು. ಅವುಗಳಲ್ಲಿ ಸಿಗುತ್ತಿದ್ದ ಬರಹ ಮಳೆಯಲ್ಲಿ ನೆನೆದ ಪುಸ್ತಕದ ಹಾಳೆಗಳಂತೆ ಹರಿದಿರುತ್ತಿತ್ತು. ಪೂರಾ ಓದಬೇಕೆಂದರೆ ಜೀವ ಹೋದ ಗಳಿಗೆಯಲ್ಲೇ ತೆಗೆದು ಹೆಪ್ಪುಗಟ್ಟಿಸಿದ ಮಾಂಸ ಬೇಕು.

ಅದಕ್ಕೇ ಲ್ಯಾಬಿನವರು ಹಿಂದಿನ ಸಂಜೆ ಯಾದಗಿರಿಯ ಮೂಲಕ ಗೋಗಿಗೆ ದಪ್ಪ ಥರ್ಮಾಕೋಲಿನ ಪೆಟ್ಟಿಗೆಯೊಂದನ್ನು ಕಳಿಸಿದ್ದರು. ಒಳಗೆ ಡ್ರೈ ಐಸ್. ನೀರಿನ ಐಸಿನ ಹಾಗೆ ಅದು ಕರಗಿ ಹನಿಯುವುದಿಲ್ಲ, ಹೊಗೆಯಾಗಿ ಹೋಗಿಬಿಡುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಮುಚ್ಚಳದ ಮೇಲೆ ಕೆಂಪು ಅಕ್ಷರದ ಚೀಟಿ ಇತ್ತು, ಗಾಳಿಯಾಡುವ ಕಡೆ ಇಡಬೇಕೆಂದು. ಲ್ಯಾಬಿನ ಮೇಡಂ ಫೋನಿನಲ್ಲೂ ಹೇಳಿದ್ದರು, ಗಾಡಿಯ ಗಾಜು ಇಳಿಸಿಕೊಂಡೇ ಹೋಗಿ ಎಂದು. ಮಲ್ಲೇಶ್ವರಿ ಹೂಂ ಅಂದಿದ್ದಳು. ಮಾರ್ಚ್ ಕೊನೆ, ಬಿಸಿಲು ಸುರಿಯುತ್ತಿತ್ತು. ಗಾಜು ಏರಿಸುವ ಮಾತೇ ಇರಲಿಲ್ಲ.

ಡಾಕ್ಟರು ತೋಳದ ಹೊಟ್ಟೆ ಕೊಯ್ದು ಪಿತ್ತಜನಕಾಂಗ, ಗುಂಡಿಗೆಗಳ ಸಣ್ಣ ಸಣ್ಣ ತುಣುಕು ಕತ್ತರಿಸಿ ಕೊಟ್ಟರು. ಮಲ್ಲೇಶ್ವರಿ ಅವನ್ನು ಬೆರಳುದ್ದದ ಕೊಳವೆಗಳಲ್ಲಿ ತುಂಬಿ, ಸುತ್ತಿಗೆಯಿಂದ ಐಸನ್ನು ಪುಡಿ ಮಾಡಿ ಸುತ್ತಲೂ ಒತ್ತಿದಳು. ಹೊಲಿಗೆ ಹಾಕುವ ಮುಂಚೆ ಡಾಕ್ಟರು ಕೈಗವಸಿನ ಬೆರಳಿಂದ ತೋಳದ ಮೊಲೆ ಒತ್ತಿ ನೋಡಿದರು.

"ಹಾಲು ಅದಾವ. ಎಲ್ಲೋ ಮರಿ ಇರಬೇಕು."

ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದ ಅಮರಪ್ಪ ಹೇಳಿದ, "ಅದಾವ್ರಿ. ಗುಡ್ಡದ ಬುಡಕ ಬಿಲ ಅದ. ನಾಕು ಮರಿ. ನಾ ಕಣ್ಣಾರೆ ನೋಡೀನಿ."

ಅವನಿಂದಲೇ ಒಂದು ಕೋರಿಕೆಯೂ ಬಂತು. ಅವನ ಮಗಳು ರೇಣಮ್ಮ ಬಾಣಂತನ ಮುಗಿಸಿ ಯಾದಗಿರಿಗೆ, ಗಂಡನ ಮನೆಗೆ ಹೊರಟಿದ್ದಳು. ಬಸ್ಸು ತಪ್ಪಿತ್ತು. "ನಿಮ್ಮ ಗಾಡ್ಯಾಗ ಜಾಗಾ ಇದ್ರ ಕೂಡಿಸ್ಕೊಂಡು ಹೋಗ್ರಿ."

ಎರಡು ದಿನ ತನಗಾಗಿ ಕುರಿ ಬಿಟ್ಟು ಕೂತವನಿಗೆ ಮಲ್ಲೇಶ್ವರಿ ಇಲ್ಲ ಅನ್ನಲಿಲ್ಲ.

ಗಾಡಿ ಶಹಾಪುರದ ನಸೀರುದ್ದೀನನ ಹಳೆಯ ಓಮ್ನಿ. ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಇಟ್ಟರು. ಎತ್ತುವಾಗ ಮುಚ್ಚಳದ ಒಂದು ಮೂಲೆ ಮುರಿಯಿತು. ಮಲ್ಲೇಶ್ವರಿ ಅದಕ್ಕೆ ಟೇಪು ಸುತ್ತಿದಳು. ರೇಣಮ್ಮ ಮೂರು ತಿಂಗಳ ಹೆಣ್ಣುಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹಿಂದೆ ಕೂತಳು. ತವರಿನಿಂದ ಕೊಟ್ಟ ಹೊಸ ಬಿದಿರು ಬುಟ್ಟಿ, ಕೌದಿ, ಎಣ್ಣೆಯ ಬಾಟಲಿ ಅವಳ ಜೊತೆ. ಐದು ಗಂಟೆಯವರೆಗೆ ಲ್ಯಾಬಿನ ಗಾಡಿ ಯಾದಗಿರಿಯಲ್ಲಿ ಕಾಯುತ್ತದೆ. ಬೇಕಾದಷ್ಟು ಹೊತ್ತಿತ್ತು.

ಶಹಾಪುರ ದಾಟುವಷ್ಟರಲ್ಲಿ ಬಿಸಿಲು ಸತ್ತಿತು. ಪೂರ್ವದ ಕಡೆ ಆಕಾಶ ಕಂಚಿನ ಬಣ್ಣಕ್ಕೆ ತಿರುಗಿ, ಗಾಳಿ ರಸ್ತೆಯ ಮಣ್ಣನ್ನೆಲ್ಲ ಎತ್ತಿ ಗಾಡಿಗೆ ಎರಚಿತು. ಅಕಾಲದ ಮಳೆ. ಮೊದಲು ದಪ್ಪ ಹನಿ, ಆಮೇಲೆ ಆಣೆಕಲ್ಲು. ಓಮ್ನಿಯ ತಗಡಿನ ಮೇಲೆ ಅವು ಬೀಳುವ ಸದ್ದಿಗೆ ಮಾತು ಕೇಳದಂತಾಯಿತು. ಮಲ್ಲೇಶ್ವರಿಯ ತೊಡೆಯ ಮೇಲೆ ಮಾದರಿಗಳ ವಿವರ ಬರೆದ ನೋಟುಬುಕ್ಕಿತ್ತು. ಅದು ತೋಯುತ್ತದೆಂದು ಮೊದಲು ಗಾಜು ಏರಿಸಿದವಳು ಅವಳೇ. ನಸೀರುದ್ದೀನ ತನ್ನ ಕಡೆಯದನ್ನು ಏರಿಸಿದ. ಹಿಂದೆ ರೇಣಮ್ಮ ಎರಡೂ ಗಾಜು ಸರಿಸಿ ಬಂದ್ ಮಾಡಿದಳು. ತಗ್ಗಿಗೆ ಗಾಡಿ ಹಾರಿ ಹಾರಿ ಬೀಳುತ್ತಿತ್ತು. ಮಲಗಿದ ಕೂಸು ಕೈಯಿಂದ ಜಾರೀತೆಂದು ಅವಳು ಬುಟ್ಟಿಯಲ್ಲಿ ಕೌದಿ ಹಾಸಿ, ಕೂಸನ್ನು ಅದರಲ್ಲಿ ಮಲಗಿಸಿ, ತನ್ನ ಕಾಲ ಬಳಿ ಕೆಳಗೆ ಇಟ್ಟುಕೊಂಡಳು. ಪೆಟ್ಟಿಗೆಯ ಪಕ್ಕಕ್ಕೆ. ಮಲ್ಲೇಶ್ವರಿ ಒಮ್ಮೆ ತಿರುಗಿ ನೋಡಿ ಮತ್ತೆ ನೋಟುಬುಕ್ಕಿನ ಕಡೆ ಬಾಗಿದಳು.

ಗಾಜಿನೊಳಗೆ ಮಂಜು ಕೂತಿತು. ನಸೀರುದ್ದೀನ ಒಂದು ಕೈಯಿಂದ ಅರಿವೆ ಹಿಡಿದು ಒರೆಸುತ್ತ ಗಾಡಿ ನಿಧಾನಕ್ಕೆ ಬಿಟ್ಟ. ಸ್ವಲ್ಪ ಹೊತ್ತಿಗೆ ಆಕಳಿಸಿದ, ಮತ್ತೆ ಆಕಳಿಸಿದ.

"ಮೇಡಂ, ತಲಿ ಹಿಡ್ಕೊಂಡಾದ ನನಗ," ಅಂದ.

ಮಲ್ಲೇಶ್ವರಿಗೂ ಕಣ್ಣಿನ ಹಿಂದೆ ನೋವು ಬಡಿಯುತ್ತಿತ್ತು. ಎರಡು ದಿನದ ನಿದ್ದೆಗೇಡು ಅಂದುಕೊಂಡಳು. ಆಮೇಲೆ ಗಮನಿಸಿದಳು, ತಾನು ಸುಮ್ಮನೆ ಕೂತಿದ್ದರೂ ಗುಡ್ಡ ಹತ್ತಿ ಬಂದವಳ ಹಾಗೆ ಉಸಿರಾಡುತ್ತಿದ್ದಳು. ಉಸಿರು ಒಳಗೆ ಹೋಗುತ್ತಿತ್ತು, ಸಾಲುತ್ತಿರಲಿಲ್ಲ. ಎದೆ ಡವಗುಟ್ಟುತ್ತಿತ್ತು. ಅಂಗೈ ಬೆವೆತಿತ್ತು. ಏನೋ ಆಗುತ್ತದೆ, ಈಗ ಆಗುತ್ತದೆ ಎಂಬ ಹೆದರಿಕೆ ಕಾರಣವಿಲ್ಲದೆ ಹಿಡಿದುಕೊಂಡಿತು. ಕೊಯ್ಯುವ ಮುಂಚೆ ನೋಡಿದ ಆ ತೋಳದ ಹಳದಿ ಕಣ್ಣು ನೆನಪಾಯಿತು. ಮುಚ್ಚಿದರೂ ಮುಚ್ಚದೆ ಅರೆ ತೆರೆದೇ ಉಳಿದಿದ್ದ ಕಣ್ಣು. ಅದು ಹಿಂದಿನ ಸೀಟಿನಿಂದ ತನ್ನ ಕತ್ತನ್ನು ನೋಡುತ್ತಿದೆ ಅನ್ನಿಸಿತು. ತಾಯಿ ಕೇಳಿದ್ದರೆ ನಗುತ್ತಿದ್ದರು. ಅವಳಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ನನ್ನ ಎದಿ ಮ್ಯಾಲ ಯಾರೋ ಕುಂತಂಗ ಆಗಾಕತ್ತಾದ," ಅಂದ ನಸೀರುದ್ದೀನ. ಅವನ ದನಿ ತೊದಲಿತು. ಗಾಡಿ ಎಡಕ್ಕೆ ಎಳೆದು, ಒಂದು ಚಕ್ರ ರಸ್ತೆ ಬಿಟ್ಟು ಮಣ್ಣಿಗಿಳಿದು ಮತ್ತೆ ಮೇಲೆ ಬಂತು.

ಹಿಂದಿನಿಂದ ರೇಣಮ್ಮ ಅಂದಳು, "ಅಕ್ಕಾ."

ಮಲ್ಲೇಶ್ವರಿ ತಿರುಗಿದಳು.

"ಕೂಸು ಏಳವಲ್ದು. ಆಗಳೆ ಹಿಡದು ಎಬ್ಬಸಾಕತ್ತೇನಿ. ಏಳವಲ್ದು."

ರೇಣಮ್ಮ ಬುಟ್ಟಿಯ ಮೇಲೆ ಬಾಗಿದ್ದಳು. ಅವಳ ಮುಖ ಕೆಂಪೇರಿ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಬುಟ್ಟಿಯೊಳಗೆ ಕೂಸಿನ ತಲೆ ಒಂದು ಕಡೆ ವಾಲಿತ್ತು. ತುಟಿ ನೇರಳೆ ಹಣ್ಣು ತಿಂದ ಹಾಗಿದ್ದವು. ಅದರ ಪಕ್ಕದಲ್ಲೇ ಪೆಟ್ಟಿಗೆಯ ಮುರಿದ ಮೂಲೆಯಿಂದ, ಟೇಪು ಬಿಚ್ಚಿಕೊಂಡ ಕಡೆ, ತೆಳ್ಳನೆಯ ಬಿಳಿ ಹೊಗೆ ಕೆಳಕ್ಕೆ ಇಳಿದು ಬುಟ್ಟಿಯ ಕಂಡಿಗಳೊಳಗೆ ಹೋಗುತ್ತಿತ್ತು.

ಆಗ ಅವಳಿಗೆ ಗೊತ್ತಾಯಿತು. ಕೆಂಪು ಅಕ್ಷರದ ಚೀಟಿ, ಮೇಡಂ ಹೇಳಿದ ಮಾತು, ಏರಿಸಿದ ಗಾಜು, ಎಲ್ಲವೂ ಒಂದೇ ಸಲಕ್ಕೆ ಬಂದು ನಿಂತವು. ಆ ಹೊಗೆ ಗಾಳಿಗಿಂತ ಭಾರ, ಮೊದಲು ಕೆಳಗೆ ತುಂಬುತ್ತದೆ. ಇಂಗಾಲದ ಡೈಆಕ್ಸೈಡ್. ಮಕ್ಕಳಿಗೂ ಗೊತ್ತಿರುವ ಹೆಸರು.

"ಗಾಡಿ ನಿಂದ್ರಸ್ರಿ. ನಸೀರಭಾಯ್, ನಿಂದ್ರಸ್ರಿ. ಬಾಗ್ಲ ತೆಗೀರಿ ಎಲ್ಲಾ."

ಅವನು ಬ್ರೇಕು ಒತ್ತಿದ. ಗಾಡಿ ಓರೆಯಾಗಿ ನಿಂತಿತು. ಮಲ್ಲೇಶ್ವರಿ ಇಳಿದು ಹಿಂದಿನ ಬಾಗಿಲು ಎಳೆದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಕಾಲು ಕೊಟ್ಟು ಒದ್ದು ತೆರೆದು, ಬುಟ್ಟಿಯಿಂದ ಕೂಸನ್ನು ಎತ್ತಿ ಮಳೆಯೊಳಗೆ ಬಂದಳು. ಆಣೆಕಲ್ಲು ನಿಂತು ಬರೀ ನೀರು ಸುರಿಯುತ್ತಿತ್ತು. ಕೂಸು ಒದ್ದೆ ಅರಿವೆಯ ಹಾಗೆ ಅವಳ ಕೈ ಮೇಲೆ ಜೋತುಬಿತ್ತು. ಬೆನ್ನು ತಿಕ್ಕಿದಳು. ಪಾದ ತಟ್ಟಿದಳು. ಏನೂ ಇಲ್ಲ. ಅದರ ಮೂಗು ಬಾಯಿ ಎರಡನ್ನೂ ತನ್ನ ಬಾಯಿಯಿಂದ ಮುಚ್ಚಿ ಮೆಲ್ಲಗೆ ಊದಿದಳು. ಪುಟ್ಟ ಎದೆ ಏರಿತು, ಇಳಿಯಿತು. ಮತ್ತೆ ಊದಿದಳು. ರೇಣಮ್ಮ ಮಣ್ಣಿನಲ್ಲಿ ಮೊಣಕಾಲೂರಿ ಕೂತು ಅವಳ ಕುಪ್ಪಸದ ಅಂಚು ಹಿಡಿದಿದ್ದಳು. ಎಷ್ಟು ಸಲ ಊದಿದಳೋ ಮಲ್ಲೇಶ್ವರಿಗೆ ಆಮೇಲೆ ನೆನಪಿರಲಿಲ್ಲ. ಈ ಕೂಸು ಸತ್ತರೆ ನಾನು ಕೊಂದ ಹಾಗೆ ಎಂಬುದೊಂದೇ ನೆನಪಿತ್ತು.

ಕೂಸು ಒಂದು ಸಲ ಬಿಕ್ಕಿತು. ಕೈ ಮುಷ್ಟಿ ಕಟ್ಟಿತು. ಬೆಕ್ಕಿನ ಮರಿಯಂಥ ಸಣ್ಣ ದನಿ ಹೊರಟು, ಆಮೇಲೆ ಮುಖವನ್ನೆಲ್ಲ ಕಿವುಚಿ ಅತ್ತಿತು. ರೇಣಮ್ಮ ಅದನ್ನು ಕಸಿದುಕೊಂಡು ಸೆರಗಿನೊಳಗೆ ಹುದುಗಿಸಿದಳು.

ನಸೀರುದ್ದೀನ ರಸ್ತೆಯ ಅಂಚಿನಲ್ಲಿ ಕೂತು ವಾಂತಿ ಮಾಡಿಕೊಂಡ. ಬಾಯಿ ತೊಳೆದು ಬಂದವನು ಗಾಡಿಯ ಹತ್ತಿರ ಹೋಗಲಿಲ್ಲ. ದೂರ ನಿಂತು ಪೆಟ್ಟಿಗೆಯನ್ನೇ ನೋಡಿದ.

"ಅದು ಪೂರಾ ಸತ್ತಿಲ್ರಿ ಮೇಡಂ. ಅದರ ಹವಾ ಗಾಡ್ಯಾಗ ಬಂದದ."

ಮಲ್ಲೇಶ್ವರಿ ನಿಜ ಹೇಳಲು ಬಾಯಿ ತೆರೆದಳು. ಆದರೆ ಬಂದ ಮಾತು ಬೇರೆ. "ಪೆಟ್ಟಿಗಿ ಮ್ಯಾಲ ಕ್ಯಾರಿಯರಿಗೆ ಕಟ್ರಿ. ಗಾಜು ಎಲ್ಲಾ ಇಳಿಸ್ರಿ. ಜಲ್ದಿ ದೋರನಹಳ್ಳಿ ದವಾಖಾನಿಗೆ ಹೋಗೂಣು."

ಅವನು ಹಗ್ಗ ತಂದು ಮುಖ ತಿರುವಿಕೊಂಡೇ ಪೆಟ್ಟಿಗೆ ಕಟ್ಟಿದ. ತೋಳವನ್ನು ಗಾಡಿಯಿಂದ ಹೊರಗೆ ಹಾಕಿದೆವೆಂದು ಅವನಿಗೆ ಸಮಾಧಾನವಾದ ಹಾಗಿತ್ತು. ಮಲ್ಲೇಶ್ವರಿ ಅದನ್ನು ತಿದ್ದಲಿಲ್ಲ. ತೋಯುತ್ತ, ನಡುಗುತ್ತ, ಅವರು ದೋರನಹಳ್ಳಿ ಮುಟ್ಟಿದರು.

ಅಲ್ಲಿಯ ಆಸ್ಪತ್ರೆಯ ನರ್ಸು ಕೂಸಿಗೆ ಆಕ್ಸಿಜನ್ ಹಿಡಿದಳು. ಕಾಲು ಗಂಟೆಯಲ್ಲಿ ತುಟಿಯ ಬಣ್ಣ ಬದಲಾಯಿತು. "ಈಗ ಆರಾಮದ. ಯಾದಗಿರಿಗೆ ಒಯ್ದು ದೊಡ್ಡ ಡಾಕ್ಟರಿಗೆ ತೋರಸ್ರಿ. ಏನಾಗಿತ್ತು?" ಎಂದು ಕೇಳಿದಳು. ಮಲ್ಲೇಶ್ವರಿ, "ಗಾಡ್ಯಾಗ ಉಸುರುಕಟ್ಟಿತ್ತು," ಅಂದಳು. ಅಷ್ಟೇ ಅಂದಳು.

ಯಾದಗಿರಿಯ ಆಂಬುಲೆನ್ಸಿಗೆ ಫೋನು ಹೋಯಿತು. ಕಾಯುತ್ತ ಮೂವರೂ ವರಾಂಡಾದಲ್ಲಿ ಕೂತರು. ರೇಣಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ಒಂದೇ ಕೈಯಲ್ಲಿ ಅಪ್ಪನಿಗೆ ಫೋನು ಹಚ್ಚಿದಳು. ಅವಳ ಮಾತು ಮಲ್ಲೇಶ್ವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಪ್ಪಾ, ನನ್ನ ಕೂಸು ಹೋಗಿ ಬಂತು. ಆ ತ್ವಾಳ ಗಾಡ್ಯಾಗಿತ್ತು. ಅದಕ್ಕ ಹಾಲಿತ್ತಲ್ಲ, ಮರಿ ಅದಾವಲ್ಲ. ತನ್ನ ಮರೀಗೆ ಬದ್ಲಿ ನನ್ನ ಕೂಸಿನ ಕೇಳಾಕತ್ತಿತ್ತು. ಮಗ್ಗಲದಾಗ ಕುಂತು ಅದರ ಉಸುರು ಹೀರಾಕತ್ತಿತ್ತು. ನಸೀರಭಾಯಗೂ ತಿಳದದ."

ಆ ಕಡೆಯಿಂದ ಅಮರಪ್ಪನ ದನಿ ಜೋರಾಯಿತು. ಫೋನು ರೇಣಮ್ಮನ ಕಿವಿಯಲ್ಲಿದ್ದರೂ ಮಲ್ಲೇಶ್ವರಿಗೆ ಬಿಡಿಬಿಡಿಯಾಗಿ ಕೇಳಿತು. ಬಿಲ. ಹೊಗಿ ಹಾಕ್ತೀನಿ. ನಾಕೂ. ಹುಡುಗರ್ನ ಕರ್ಕೊಂಡು ಈಗ ಹೋಗ್ತೀನಿ.

ರೇಣಮ್ಮ ಅಂದಳು, "ಹೂಂ ಅಪ್ಪಾ. ಬಿಡಬ್ಯಾಡ."

ಮಲ್ಲೇಶ್ವರಿಯ ಹೆದರಿಕೆ ಈಗ ಬೇರೆ ಥರದ್ದು. ಸುಮ್ಮನಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ತೋಳ ಸತ್ತಿತ್ತು, ಎಲ್ಲ ತಪ್ಪನ್ನೂ ಅದರ ಮೇಲೆ ಹಾಕಬಹುದಿತ್ತು. ಊರವರು ಅದನ್ನೇ ನಂಬುತ್ತಿದ್ದರು. ಹೇಳಿದರೆ? ರೇಣಮ್ಮನ ಗಂಡ ಬರುತ್ತಾನೆ, ಅವನ ಅಣ್ಣತಮ್ಮಂದಿರು ಬರುತ್ತಾರೆ. ಪೊಲೀಸು. ಪೇಪರು. ಮೂರು ತಿಂಗಳ ಕೂಸನ್ನು ಕೊಲ್ಲಲು ಹೋದವಳು ಎಂದು ರಂಗಂಪೇಟೆಯಲ್ಲಿ ತಾಯಿಯ ಮುಂದೆ ನಾಲ್ಕು ಜನ ಅನ್ನುತ್ತಾರೆ. ಕೆಲಸ ಹೋಗುತ್ತದೆ, ತೋಳಗಳ ಯೋಜನೆಯೂ ನಿಲ್ಲಬಹುದು. ಆದರೆ ಇನ್ನರ್ಧ ಗಂಟೆಯಲ್ಲಿ ಗುಡ್ಡದ ಬುಡದಲ್ಲಿ ಹೊಗೆ ಏಳುತ್ತದೆ. ನಾಲ್ಕು ಮರಿಗಳೂ ಆ ಬಿಲದೊಳಗೆ, ಈ ಕೂಸಿಗೆ ಆದ ಹಾಗೆಯೇ, ಉಸಿರು ಸಿಗದೆ ಸಾಯುತ್ತವೆ.

ಎದ್ದು ನಿಂತಳು.

"ರೇಣಮ್ಮ, ಫೋನ್ ಇಡಬ್ಯಾಡ. ನಿಮ್ಮಪ್ಪಗ ನಿಂದ್ರು ಅನ್ನು. ಅದು ತ್ವಾಳ ಮಾಡಿದ್ದಲ್ಲ. ನಾ ಮಾಡಿದ್ದು."

ರೇಣಮ್ಮ ತಿಳಿಯದೆ ನೋಡಿದಳು.

"ಆ ಪೆಟ್ಟಿಗ್ಯಾಗಿನ ಐಸ್ ಹೊಗಿ ಬಿಡ್ತದ. ಬಾಗ್ಲ ಬಂದ್ ಇದ್ರ ಆ ಹೊಗಿ ಉಸುರು ಕಟ್ಟಿಸ್ತದ. ಗಾಜು ತೆರದಿಡ್ರಿ ಅಂತ ನನಗ ಹೇಳಿದ್ರು. ಮಳಿ ಬಂತಂತ ನಾನೇ ಏರಿಸಿದೆ. ಮರ್ತೆ."

"ಸುಳ್ಳ ಹೇಳಾಕತ್ತೀರಿ," ಅಂದ ನಸೀರುದ್ದೀನ ಮೆಲ್ಲಗೆ. "ಆಕಿ ಹೆದರ್ಯಾಳಂತ ಸಮಾಧಾನ ಮಾಡಾಕತ್ತೀರಿ."

"ಕಡ್ಡಿಪೆಟ್ಟಿಗಿ ಕೊಡ್ರಿ."

ಪೆಟ್ಟಿಗೆಯನ್ನು ಕ್ಯಾರಿಯರಿನಿಂದ ಅವಳೇ ಇಳಿಸಿ ವರಾಂಡಾದ ಮೆಟ್ಟಿಲ ಮೇಲಿಟ್ಟಳು. ಮುಚ್ಚಳ ತೆಗೆದಳು. ಒಳಗೆ ಬಿಳಿ ಹೊಗೆ ನೀರಿನ ಹಾಗೆ ಅಲುಗುತ್ತಿತ್ತು. ಕಡ್ಡಿ ಕೊರೆದು, ಉರಿಯುವ ಕಡ್ಡಿಯನ್ನು ಮೆಲ್ಲಗೆ ಒಳಗಿಳಿಸಿದಳು. ಪೆಟ್ಟಿಗೆಯ ಅಂಚು ದಾಟುತ್ತಲೇ ಉರಿ ಆರಿತು. ಯಾರೂ ಊದಿರಲಿಲ್ಲ. ಎರಡನೆಯ ಕಡ್ಡಿ ಕೊರೆದಳು. ಅದೂ ಹಾಗೇ ಆರಿತು. ನಸೀರುದ್ದೀನ ಅವಳ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ತಾನೇ ಒಂದು ಕೊರೆದು ಇಳಿಸಿದ. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡ.

ರೇಣಮ್ಮ ನೋಡುತ್ತಿದ್ದಳು. ಅವಳ ಮುಖದಿಂದ ಒಂದು ಹೆದರಿಕೆ ಇಳಿದು ಇನ್ನೊಂದು ಹತ್ತಿದ್ದು ಮಲ್ಲೇಶ್ವರಿಗೆ ಕಂಡಿತು. ತೋಳದ ಕಾಟವಾಗಿದ್ದರೆ ಕೂಸಿಗೆ ಬೂದಿ ಹಚ್ಚಿಸಬಹುದಿತ್ತು, ದೃಷ್ಟಿ ತೆಗೆಸಬಹುದಿತ್ತು.

"ಇದು ನನ್ನ ಕೂಸಿನ ಮಗ್ಗಲದಾಗಿತ್ತು," ಅಂದಳು.

"ಹೌದು."

"ನಿನಗ ಗೊತ್ತಿತ್ತು."

"ಗೊತ್ತಿತ್ತು. ಮರ್ತೆ."

"ನಾ ಬುಟ್ಟಿ ಅಲ್ಲಿ ಇಟ್ಟಾಗ ನೀ ತಿರಗಿ ನೋಡಿದಿ."

ಅದೂ ಹೌದಾಗಿತ್ತು. ಮಲ್ಲೇಶ್ವರಿ ತಲೆಯಾಡಿಸಿದಳು. ಹೊಡೆಯುತ್ತಾಳೆ ಅಂದುಕೊಂಡು ಕಾದಳು. ರೇಣಮ್ಮ ಹೊಡೆಯಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಕೂಸನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡಳು, ಮಲ್ಲೇಶ್ವರಿಯಿಂದ ದೂರದ ಭುಜಕ್ಕೆ. ಫೋನು ಇನ್ನೂ ಕಡಿದಿರಲಿಲ್ಲ.

"ಅಪ್ಪಾ, ಗುಡ್ಡಕ ಹೋಗಬ್ಯಾಡ. ತ್ವಾಳ ಮಾಡಿಲ್ಲ. ಈಕಿ ಮಾಡ್ಯಾಳ."

ಅಮರಪ್ಪ ಕೂಸು ಹೆಂಗದ ಎಂದಷ್ಟೇ ಕೇಳಿದ.

ಆಂಬುಲೆನ್ಸ್ ಬಂತು. ರೇಣಮ್ಮ ಮಲ್ಲೇಶ್ವರಿಯನ್ನು ಹತ್ತಿಸಿಕೊಳ್ಳಲಿಲ್ಲ. ಅವಳು ನಸೀರುದ್ದೀನನ ಗಾಡಿಯಲ್ಲಿ, ಗಾಜೆಲ್ಲ ಇಳಿಸಿ, ಪೆಟ್ಟಿಗೆ ಮೇಲೆ ಕಟ್ಟಿ, ಹಿಂದಿನಿಂದ ಹೋದಳು. ಭೀಮೆಯ ಸೇತುವೆ ದಾಟಿದರು. ಐದಕ್ಕೆ ಹತ್ತು ನಿಮಿಷ ಇರುವಾಗ ಪೆಟ್ಟಿಗೆಯನ್ನು ಲ್ಯಾಬಿನವರ ಕೈಗೆ ಕೊಟ್ಟು, ಅಲ್ಲೇ ನಿಂತು ಮೇಡಂಗೆ ಫೋನು ಮಾಡಿ ಏನನ್ನೂ ಮುಚ್ಚಿಡದೆ ಹೇಳಿದಳು. ಆಸ್ಪತ್ರೆಗೆ ಹೋದಾಗ ರೇಣಮ್ಮನ ಗಂಡ ಬಸಲಿಂಗ ಬಾಗಿಲಲ್ಲೇ ತಡೆದ.

"ಕೂಸಿಗೆ ಏನರ ಆಗಿದ್ರ ನಿನ್ನ ಇಲ್ಲೇ ಮುಗಸ್ತಿದ್ದೆ. ಇನ್ನೊಮ್ಮೆ ನಮ್ಮ ಕಣ್ಣಿಗಿ ಬೀಳಬ್ಯಾಡ."

ಅವಳು ಆಸ್ಪತ್ರೆಯ ಎದುರು, ರಸ್ತೆಯ ಆಚೆ ಬದಿಯ ಚಹಾದಂಗಡಿಯಲ್ಲಿ ಎರಡು ದಿನ ಕೂತಳು. ಬಸಲಿಂಗ ಹೊರಬಂದಾಗಲೂ ಎದ್ದು ಹೋಗಲಿಲ್ಲ. ಮೂರನೆಯ ದಿನ ಕೂಸನ್ನು ಮನೆಗೆ ಕಳಿಸಿದರು. ಏನೂ ದೋಷವಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಬಸಲಿಂಗ ದೂರು ಕೊಡಲಿಲ್ಲ, ಕೊಡುವುದಿಲ್ಲವೆಂದೂ ಹೇಳಲಿಲ್ಲ.

ಲ್ಯಾಬಿನವರು ಅವಳನ್ನು ಒಂದು ತಿಂಗಳು ಕೆಲಸದಿಂದ ದೂರ ಇಟ್ಟರು. ಆಮೇಲೆ, ಐಸಿನ ಪೆಟ್ಟಿಗೆ ಇರುವ ಗಾಡಿಯಲ್ಲಿ ಬೇರೆ ಯಾರೂ ಕೂರಬಾರದೆಂದು, ತೆರೆದ ಗಾಡಿಯೇ ಆಗಬೇಕೆಂದು ನಿಯಮ ಬಂತು. ಅದನ್ನು ಕನ್ನಡದಲ್ಲಿ ಬರೆಯುವ ಕೆಲಸ ಅವಳಿಗೇ ಕೊಟ್ಟರು. ಮಾದರಿ ಕೆಟ್ಟಿರಲಿಲ್ಲ. ತೋಳದ ಬರಹ ಉದ್ದುದ್ದಕ್ಕೆ, ಹರಿಯದೆ ಸಿಗುತ್ತಿದೆ ಎಂದು ಮೇಡಂ ತಿಳಿಸಿದರು. ಮಲ್ಲೇಶ್ವರಿ ಸರಿ ಅಂದಳು. ಸಂತೋಷ ಪಡಬೇಕೆಂದು ಗೊತ್ತಿತ್ತು, ಆಗಲಿಲ್ಲ.

ಮೇ ತಿಂಗಳಲ್ಲಿ ಗೋಗಿಗೆ ಹೋದಳು. ಅಮರಪ್ಪ ಬೇವಿನ ನೆರಳಲ್ಲಿ ಕುರಿಯ ಗೊರಸು ಕೆತ್ತುತ್ತಿದ್ದ. ಕೂಡು ಅನ್ನಲಿಲ್ಲ. ಅವಳು ನಿಂತೇ ಇದ್ದಳು.

"ಒಂದು ಮರಿ ಸತ್ತದ," ಅಂದ ತಲೆಯೆತ್ತದೆ. "ಮೂರು ಅದಾವ. ಗಂಡು ತ್ವಾಳ ತಂದು ಹಾಕಾಕತ್ತಾದ. ನನ್ನ ಒಂದು ಕುರಿಮರೀನೂ ಒಯ್ದದ."

ರೇಣಮ್ಮ ತವರಿಗೆ ಬಂದಿದ್ದಳು. ಒಳಗಿನಿಂದ ಕೂಸನ್ನು ಸೊಂಟದ ಮೇಲೆ ಹೊತ್ತು ಬಾಗಿಲಿಗೆ ಬಂದು ನಿಂತಳು. ಕೂಸು ಮೈತುಂಬಿಕೊಂಡು ಕೈಯಲ್ಲಿ ತಾಯಿಯ ಕರಿಮಣಿ ಎಳೆಯುತ್ತಿತ್ತು. ಮಲ್ಲೇಶ್ವರಿ ಮುಂದೆ ಹೋಗಲಿಲ್ಲ, ಕೈ ಚಾಚಲಿಲ್ಲ.

"ಆ ಐಸ್ ಇನ್ನೂ ತರ್ತೀರೇನು?" ಎಂದು ರೇಣಮ್ಮ ಕೇಳಿದಳು.

"ತರ್ತೀವಿ."

"ತರೋದಿದ್ರ ಹೇಳಿ ತರ್ರಿ. ಅದು ಏನು ಮಾಡ್ತದಂತ ಎದುರಿದ್ದವರಿಗೆ ಮೊದ್ಲ ಹೇಳ್ರಿ. ನಾವು ತಿಳೀಲಾರದವರೇನಲ್ಲ."

"ಹೇಳ್ತೀನಿ," ಅಂದಳು ಮಲ್ಲೇಶ್ವರಿ.

ರೇಣಮ್ಮ ಕೂಸನ್ನು ಎತ್ತಿ ಸರಿ ಮಾಡಿಕೊಂಡು ಒಳಗೆ ಹೋಗಿ, ಒಂದು ತಂಬಿಗೆ ನೀರು ತಂದು ಹೊಸ್ತಿಲ ಹೊರಗೆ ಇಟ್ಟಳು. ಮಲ್ಲೇಶ್ವರಿ ಕೂತು ಕುಡಿದಳು. ಖಾಲಿ ತಂಬಿಗೆಯನ್ನು ಹೊಸ್ತಿಲ ಹೊರಗೇ ಇಟ್ಟಳು.